ಸ್ಲೀವೋ ಬೈಪಾಸೋ? ಮೊದಲು ಮಾತ್ರೆ ಚೀಟಿ ತೋರಿಸಿ

ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಔಷಧ ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ಬಣ್ಣದ ಕರಪತ್ರಗಳು ಬಂದು ಬಿದ್ದವು. ತಂದವರು ಪ್ರೌಢಶಾಲೆಯ ಗಣಿತದ ಮೇಡಂ. ತೂಕ ಇಳಿಸುವ ಆಪರೇಷನ್‌ಗೆಂದು ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಎರಡು ಆಸ್ಪತ್ರೆಗಳನ್ನು ನೋಡಿಕೊಂಡು ಬಂದಿದ್ದರು. ಅದರಲ್ಲಿ ಮುಖ್ಯವಾಗಿ ಎರಡು ಬಗೆ: ಜಠರವನ್ನು ಕಿರಿದು ಮಾಡುವ ಸ್ಲೀವ್, ಜೊತೆಗೆ ಊಟದ ದಾರಿಯನ್ನೂ ಬದಲಿಸುವ ಬೈಪಾಸ್. ಒಂದು ಕಡೆ "ಸ್ಲೀವ್ ಮಾಡಿಸಿ, ಸುಲಭ" ಎಂದಿದ್ದರಂತೆ. ಇನ್ನೊಂದು ಕಡೆ "ಶುಗರ್ ಇದೆಯಲ್ಲ, ಬೈಪಾಸೇ ಸರಿ" ಎಂದಿದ್ದರಂತೆ. "ಅಣ್ಣಾ, ದಿನಾ ನೂರು ಜನರಿಗೆ ಮಾತ್ರೆ ಕೊಡುತ್ತೀರಿ. ನೀವೇ ಹೇಳಿ, ಯಾವುದು?"

"ಕರಪತ್ರ ಒಳಗಿಡಿ ಮೇಡಂ, ಮಾತ್ರೆ ಚೀಟಿ ಕೊಡಿ" ಎಂದೆ.

ನಾನು ವೈದ್ಯನಲ್ಲ, ಇಪ್ಪತ್ತೆರಡು ವರ್ಷಗಳಿಂದ ಫಾರ್ಮಸಿಸ್ಟ್. ಆಪರೇಷನ್ ಮಾಡಿದವರು ರೋಗಿಯನ್ನು ವರ್ಷಕ್ಕೆ ಒಂದೆರಡು ಬಾರಿ ನೋಡಿದರೆ ಹೆಚ್ಚು, ನಾನು ತಿಂಗಳಿಗೊಮ್ಮೆ ನೋಡುತ್ತೇನೆ. ಯಾರ ಇನ್ಸುಲಿನ್ ನಿಂತಿತು, ಯಾರದು ನಾಲ್ಕನೆಯ ವರ್ಷಕ್ಕೆ ಮತ್ತೆ ಶುರುವಾಯಿತು, ಯಾರು ಬಿ12 ಕೊಳ್ಳುವುದನ್ನು ಸದ್ದಿಲ್ಲದೆ ಬಿಟ್ಟರು ಎಂಬುದೆಲ್ಲ ನನ್ನ ಬಿಲ್ಲುಗಳಲ್ಲಿ ಇರುತ್ತದೆ. ಅಲ್ಲಿ ಕಂಡದ್ದಕ್ಕೆ ಓದಿ ತಿಳಿದದ್ದನ್ನು ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಕೊನೆಯ ಮಾತು ನಿಮ್ಮ ವೈದ್ಯರದು.

ಮೇಡಂ ಚೀಟಿ ಹೀಗಿತ್ತು: ಮಧುಮೇಹ ಬಂದು ಏಳು ವರ್ಷ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್. ಒಂದು ವರ್ಷದಿಂದ ರಾತ್ರಿ 16 ಯೂನಿಟ್ ಇನ್ಸುಲಿನ್. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.6. ಎತ್ತರ 160 ಸೆಂ.ಮೀ., ತೂಕ 88 ಕೆ.ಜಿ., ಅಂದರೆ ಎತ್ತರಕ್ಕೆ ತೂಕ ಎಷ್ಟೆಂದು ಅಳೆಯುವ ಬಿಎಂಐ 34.4. ಚೀಟಿಯ ಕೆಳತುದಿಯಲ್ಲಿ, ಯಾರೂ ಗಮನಿಸದ ಹಾಗೆ, ಎದೆಯುರಿಯ ಮಾತ್ರೆ ಪ್ಯಾಂಟೊಪ್ರಜೋಲ್. ಈ ಕೊನೆಯ ಹೆಸರಿಗೆ ಮತ್ತೆ ಬರುತ್ತೇನೆ.

ಕಾಯಿಲೆಗೆ ಎಷ್ಟು ವಯಸ್ಸು?

ತೂಕ ಇಳಿಸುವ ಆಪರೇಷನ್ ಎಂಬ ಹೆಸರೇ ಮಧುಮೇಹಿಗಳ ದಾರಿ ತಪ್ಪಿಸುತ್ತದೆ. ಹೆಸರು ಕೇಳಿದ ಕೂಡಲೇ ಎಲ್ಲರೂ ಎಷ್ಟು ಕೆ.ಜಿ. ಇಳಿಯುತ್ತದೆ ಎಂದೇ ಲೆಕ್ಕ ಹಾಕುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದಕ್ಕಿಂತ ಮುಖ್ಯವಾದ ಲೆಕ್ಕ ಮೇದೋಜೀರಕ ಗ್ರಂಥಿಯದು. ಅಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ವರ್ಷ ಕಳೆದಂತೆ ಸೋಲುತ್ತಾ ಹೋಗುತ್ತವೆ. ಅವುಗಳಲ್ಲಿ ಕಸುವು ಉಳಿದಿದ್ದರೆ ಆಪರೇಷನ್ ಅವುಗಳ ಹೊರೆ ಇಳಿಸಿ ಎಬ್ಬಿಸಿ ನಿಲ್ಲಿಸಬಲ್ಲದು. ಕಸುವೇ ಬತ್ತಿದ್ದರೆ ಎಷ್ಟು ಕೈಪಳಗಿದ ಸರ್ಜನ್ ಆದರೂ ಮಾಡುವುದು ಸ್ವಲ್ಪವೇ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 2017ರಲ್ಲಿ ಇದಕ್ಕೊಂದು ಅಂಕಪಟ್ಟಿ ಮಾಡಿದರು. ಅವರು ಕೇಳುವುದು ನಾಲ್ಕೇ ಸಂಗತಿ: ಕಾಯಿಲೆ ಬಂದು ಎಷ್ಟು ವರ್ಷ, ಎಷ್ಟು ಬಗೆಯ ಸಕ್ಕರೆ ಔಷಧ, ಇನ್ಸುಲಿನ್ ಇದೆಯೇ, ಎಚ್‌ಬಿಎ1ಸಿ 7ಕ್ಕಿಂತ ಕೆಳಗಿದೆಯೇ. ತೂಕದ ಮಾತೇ ಅಲ್ಲಿಲ್ಲ. ಈ ಅಂಕಗಳಿಂದ ರೋಗಿಗಳನ್ನು ಸೌಮ್ಯ, ಮಧ್ಯಮ, ತೀವ್ರ ಎಂದು ಮೂರು ಗುಂಪು ಮಾಡಿ, ಆಪರೇಷನ್ ಆಗಿ ಐದು ವರ್ಷ ದಾಟಿದ ಮೇಲೂ ಮಧುಮೇಹ ದೂರ ಉಳಿದವರು ಎಷ್ಟು ಮಂದಿ ಎಂದು ನೋಡಿದರು. ಸೌಮ್ಯ ಗುಂಪಿನಲ್ಲಿ ಬೈಪಾಸ್ ಆದವರಲ್ಲಿ ಶೇ 92, ಸ್ಲೀವ್ ಆದವರಲ್ಲಿ ಶೇ 74. ಮಧ್ಯಮದಲ್ಲಿ ಶೇ 60 ಮತ್ತು ಶೇ 25. ತೀವ್ರದಲ್ಲಿ ಎರಡಕ್ಕೂ ಶೇ 12.

ಬಿಲ್ಲಿನ ಹಿಂಬದಿಯಲ್ಲಿ ಇಷ್ಟನ್ನೇ ಬರೆದು ಮೇಡಂ ಕೈಗೆ ಕೊಟ್ಟೆ: 92–74, 60–25, 12–12. ಗಣಿತದವರು, ಒಂದು ನೋಟ ಸಾಕಾಯಿತು. "ನಡುವಿನ ಸಾಲಿನಲ್ಲೇ ಅಂತರ ದೊಡ್ಡದು. ನಾನು ಯಾವ ಸಾಲು?"

ನಡುವಿನ ಸಾಲೇ.

ನನ್ನ ಅಭಿಪ್ರಾಯ ಇಲ್ಲಿಯೇ ಹೇಳಿಬಿಡುತ್ತೇನೆ. ಕಾಯಿಲೆ ಎಳೆಯದಾಗಿದ್ದರೆ ಎರಡೂ ಒಳ್ಳೆಯ ಕೆಲಸ ಮಾಡುತ್ತವೆ, ಬೈಪಾಸ್ ಸ್ವಲ್ಪ ಮುಂದೆ. ಕಾಯಿಲೆ ತೀರಾ ಬಲಿತಿದ್ದರೆ ಎರಡರಲ್ಲೂ ಇನ್ಸುಲಿನ್ ಪೂರ್ತಿ ಬಿಡುವ ಆಸೆ ಇಟ್ಟುಕೊಳ್ಳುವಂತಿಲ್ಲ, ಆದ್ದರಿಂದ ಅಪಾಯ ಕಡಿಮೆ ಇರುವ ಸ್ಲೀವ್ ಸಾಕು. ಆಯ್ಕೆಯ ತೂಕ ನಿಜವಾಗಿ ಬೀಳುವುದು ನಡುವಿನವರ ಮೇಲೆ. ನಮ್ಮಲ್ಲಿ ಅತಿ ಹೆಚ್ಚಾಗಿ "ಎಲ್ಲರೂ ಮಾಡಿಸುತ್ತಾರೆ" ಎಂದು ಸ್ಲೀವ್‌ಗೆ ತಲೆಯೊಡ್ಡುವವರೂ ಅವರೇ.

ಅಂಕಪಟ್ಟಿಗೂ ಮೊದಲು ಒಂದು ರಕ್ತಪರೀಕ್ಷೆ ಇದೆ, ಸಿ-ಪೆಪ್ಟೈಡ್. ದೇಹ ಸ್ವಂತವಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂಬುದರ ಸುಳಿವು ಅದರಲ್ಲಿ ಸಿಗುತ್ತದೆ. ಅದು ತೀರಾ ಕಡಿಮೆ ಬಂದರೆ ನಿಮ್ಮದು ಟೈಪ್ 1 ಇರಬಹುದು, ಅಥವಾ ದೊಡ್ಡವರಾದ ಮೇಲೆ ನಿಧಾನವಾಗಿ ಕಾಣಿಸಿಕೊಂಡ ಅದೇ ಜಾತಿಯದು. ಅಂಥವರಿಗೆ ಆಪರೇಷನ್‌ನಿಂದ ತೂಕ ಇಳಿದೀತು, ಇನ್ಸುಲಿನ್ ತಪ್ಪದು. ಬಿಎಂಐ ಹಿಡಿದು ಆಪರೇಷನ್ ದಿನಾಂಕ ಕೊಡುವ ಕಡೆ ಈ ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಒಳಗೆ ಏನು ಕತ್ತರಿಸುತ್ತಾರೆ, ಏನು ಜೋಡಿಸುತ್ತಾರೆ

ಸ್ಲೀವ್ ಎಂದರೆ ತೋಳು. ಜಠರದ ಚೀಲವನ್ನು ಉದ್ದಕ್ಕೆ ಸೀಳಿ, ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದುಹಾಕುತ್ತಾರೆ. ಉಳಿಯುವುದು ಪಚ್ಚಬಾಳೆಯ ಗಾತ್ರದ ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೇ ಹೊರಗೆ ಹೋಗುವುದರಿಂದ ಹಸಿವೂ ತಗ್ಗುತ್ತದೆ. ತೆಗೆದದ್ದು ಹೋಯಿತು, ಮರಳಿ ಜೋಡಿಸಲು ಬರುವುದಿಲ್ಲ. ಈ ಆಪರೇಷನ್ ಮೂಲತಃ ಒಂದು ದೊಡ್ಡ ಆಪರೇಷನ್‌ನ ಮೊದಲ ಕಂತಾಗಿತ್ತು ಎಂಬುದು ಹಲವರಿಗೆ ಗೊತ್ತಿಲ್ಲ. ತೀರಾ ಭಾರಿ ಮೈಯವರಿಗೆ ಎಲ್ಲವನ್ನೂ ಒಂದೇ ಸಲ ಮಾಡುವುದು ಅಪಾಯವೆಂದು ಮೊದಲು ಜಠರ ಕಿರಿದು ಮಾಡಿ ಕಳುಹಿಸುತ್ತಿದ್ದರು. ಎಷ್ಟೋ ಜನರಿಗೆ ಎರಡನೆಯ ಕಂತಿನ ಅಗತ್ಯವೇ ಬೀಳಲಿಲ್ಲ. ಕಂತೇ ಪೂರ್ತಿ ಬಾಬತ್ತಾಯಿತು.

ಬೈಪಾಸ್ ಎಂದಾಗ ಹೃದಯದ ಬೈಪಾಸ್ ನೆನಪಾಗಿ ಗಾಬರಿಯಾಗುವವರಿದ್ದಾರೆ; ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಸಣ್ಣ ಚೀಲವನ್ನು ಬೇರ್ಪಡಿಸುತ್ತಾರೆ. ಕೆಮ್ಮಿನ ಔಷಧದ ಬಾಟಲಿಯ ಮುಚ್ಚಳ 10 ಮಿ.ಲೀ. ಇರುತ್ತದಲ್ಲ, ಅಂಥ ಮೂರು ಮುಚ್ಚಳ. ಸಣ್ಣ ಕರುಳನ್ನು ಕೆಳಗೆ ಕತ್ತರಿಸಿ ಆ ಚೀಲಕ್ಕೆ ತಂದು ಹೊಲಿಯುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ಕಡೆ ಹೋಗುವುದಿಲ್ಲ. ಪಿತ್ತರಸ, ಜೀರ್ಣರಸಗಳು ಹಳೆಯ ದಾರಿಯಲ್ಲೇ ಬಂದು ಕೆಳಗೆ ಊಟದ ಜೊತೆ ಕೂಡಿಕೊಳ್ಳುತ್ತವೆ. ಎರಡು ದಾರಿ ಸೇರಿ ಒಂದಾಗುವ ಆಕಾರ ಇಂಗ್ಲಿಷಿನ ವೈ ಅಕ್ಷರದಂತೆ. ಇಂಥ ಜೋಡಣೆಗೆ ಹೆಸರಾದ ಸ್ವಿಟ್ಜರ್ಲೆಂಡಿನ ಸರ್ಜನ್ ಸೀಸರ್ ರೂ ಅವರ ಹೆಸರೂ ಸೇರಿ ಅದು ರೂ-ಆನ್-ವೈ ಆಯಿತು.

ಸಕ್ಕರೆ ಕಾಯಿಲೆಗೆ ಈ ದಾರಿ ಬದಲಾವಣೆಯೇ ಮದ್ದು. ಊಟ ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಬೇಗನೆ ಕೆಳಭಾಗ ತಲುಪಿದಾಗ ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನು ಉಕ್ಕುತ್ತದೆ, ಇನ್ಸುಲಿನ್ ಸ್ರವಿಸುವಂತೆ ಬೀಟಾ ಕೋಶಗಳನ್ನು ಎಚ್ಚರಿಸುತ್ತದೆ. ತೂಕ ಇಳಿಯುವ ಮೊದಲೇ, ಆಪರೇಷನ್ ಆದ ಕೆಲವೇ ದಿನಗಳಲ್ಲಿ ಇನ್ಸುಲಿನ್ ಇಳಿದುಬಿಡುವುದು ಇದರಿಂದಲೇ. ನಾರ್ತ್ ಕ್ಯಾರೊಲಿನಾದ ಸರ್ಜನ್ ವಾಲ್ಟರ್ ಪೋರಿಸ್ 1995ರಲ್ಲಿ, ತಾವು ಬೈಪಾಸ್ ಮಾಡಿದ 146 ಮಧುಮೇಹಿಗಳಲ್ಲಿ 121 ಮಂದಿಯ ಸಕ್ಕರೆ ಸಹಜಕ್ಕೆ ಬಂದಿತು ಎಂದು ವರದಿ ಮಾಡಿದಾಗ ಅನೇಕ ವೈದ್ಯರು ಹುಬ್ಬೇರಿಸಿದರು. ಸ್ಲೀವ್‌ನಲ್ಲೂ ಊಟ ಬೇಗ ಕೆಳಗಿಳಿದು ಈ ಹಾರ್ಮೋನು ಏರುತ್ತದೆ. ಆದರೆ ದಾರಿ ಹಳೆಯದೇ.

ಎದುರುಬದುರು ನಿಲ್ಲಿಸಿ ನೋಡಿದಾಗ

ಚೀಟಿ ಎತ್ತಿದಂತೆ ಯಾರಿಗೆ ಯಾವ ಆಪರೇಷನ್ ಎಂದು ನಿರ್ಧರಿಸಿ ಹೋಲಿಸಿದ ಅಧ್ಯಯನಗಳನ್ನು ನಾನು ಹೆಚ್ಚು ನಂಬುತ್ತೇನೆ. ನಾರ್ವೆಯಲ್ಲಿ ಮಧುಮೇಹಿಗಳ ಮೇಲೇ ನಡೆದ ಅಂಥ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಬೈಪಾಸ್‌ನವರಲ್ಲಿ ಸುಮಾರು ಮುಕ್ಕಾಲು ಪಾಲು, ಸ್ಲೀವ್‌ನವರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಂದಿಯ ಮಧುಮೇಹ ಹಿಂದೆ ಸರಿದಿತ್ತು.

ಅಂತರ ಯಾವಾಗಲೂ ಇಷ್ಟು ದೊಡ್ಡದಾಗಿರುವುದಿಲ್ಲ. ಕ್ಲೀವ್‌ಲ್ಯಾಂಡಿನಲ್ಲಿ 150 ಜನರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಎಚ್‌ಬಿಎ1ಸಿ 6 ಅಥವಾ ಅದಕ್ಕೂ ಕೆಳಗೆ ಉಳಿಸಿಕೊಂಡವರು ಬೈಪಾಸ್‌ನಲ್ಲಿ ಶೇ 29, ಸ್ಲೀವ್‌ನಲ್ಲಿ ಶೇ 23, ಬರೀ ಔಷಧದಲ್ಲಿ ಶೇ 5. ಇಲ್ಲಿ ಕಣ್ಣಿಗೆ ಹೊಡೆಯುವುದು ಸ್ಲೀವ್–ಬೈಪಾಸ್ ನಡುವಿನ ಅಂತರವಲ್ಲ, ಆಪರೇಷನ್‌ಗೂ ಮಾತ್ರೆಗೂ ನಡುವಿನ ಅಂತರ. ಮಾತ್ರೆ ಮಾರಿ ಬದುಕುವವನೇ ಹೇಳುತ್ತಿದ್ದೇನೆ.

ಕಾಲ ಕಳೆದಂತೆ ಫಲ ಸವೆಯುತ್ತದೆ, ಇದನ್ನು ಕರಪತ್ರಗಳು ಹೇಳುವುದಿಲ್ಲ. ಸ್ವೀಡನ್ನಿನ ದೀರ್ಘ ಅಧ್ಯಯನವೊಂದರಲ್ಲಿ, ಹೆಚ್ಚಾಗಿ ಹಳೆಯ ಮಾದರಿಯ ಆಪರೇಷನ್ ಆದವರಲ್ಲಿ, ಎರಡು ವರ್ಷಕ್ಕೆ ಶೇ 72 ಮಂದಿ ಮಧುಮೇಹದಿಂದ ದೂರವಿದ್ದರು; ಹತ್ತು ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು. ಹಾಗಾಗಿಯೇ ತಿಳಿದವರು "ಗುಣವಾಯಿತು" ಎನ್ನುವುದಿಲ್ಲ, "ಉಪಶಮನ" ಎನ್ನುತ್ತಾರೆ. ಸಕ್ಕರೆ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ಉಪಶಮನ ಎಂದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿಕೊಂಡಿದ್ದಾರೆ. ಕಾಯಿಲೆ ಮರಳಿ ಬಂದರೂ ನಡುವಿನ ಒಳ್ಳೆಯ ವರ್ಷಗಳು ದಂಡವಲ್ಲ. ಕಣ್ಣು, ಮೂತ್ರಪಿಂಡಗಳಿಗೆ ಅಷ್ಟು ಕಾಲ ಬಿಡುವು ಸಿಕ್ಕಿರುತ್ತದೆ.

ಹದಿನೆಂಟು ವರ್ಷದ ಮಧುಮೇಹ, ಎರಡು ಬಗೆಯ ಇನ್ಸುಲಿನ್ ಪೆನ್ ಇದ್ದ ಅಮ್ಮನೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಸ್ಲೀವ್ ಆದ ಮೇಲೆ ದಿನಕ್ಕೆ 64 ಯೂನಿಟ್ ಇದ್ದದ್ದು 20ಕ್ಕೆ ಇಳಿಯಿತು. ಅವರು ಮಾತ್ರ "ನನ್ನ ಆಪರೇಷನ್ ಫೇಲಾಯಿತಪ್ಪ" ಎಂದು ವರ್ಷವಿಡೀ ಕೊರಗಿದರು. ಯಾರೋ ಇನ್ಸುಲಿನ್ ಪೂರ್ತಿ ನಿಲ್ಲುತ್ತದೆಂದು ಮಾತು ಕೊಟ್ಟುಬಿಟ್ಟಿದ್ದರು. ಅವರ ಚೀಟಿ ನೋಡಿದ ಯಾರೂ ಅಂಥ ಮಾತು ಕೊಡಬಾರದಿತ್ತು.

ಚೀಟಿಯ ಕೆಳತುದಿಯ ಪ್ಯಾಂಟೊಪ್ರಜೋಲ್

ಎದೆಯುರಿ, ಹುಳಿತೇಗು ಇರುವವರು ಸ್ಲೀವ್‌ಗೆ ಒಪ್ಪುವ ಮೊದಲು ಎರಡು ಬಾರಿ ಯೋಚಿಸಬೇಕು. ಅಗಲವಾದ ಚೀಲ ಇಕ್ಕಟ್ಟಿನ ಕೊಳವೆಯಾದಾಗ ಒಳಗಿನ ಒತ್ತಡ ಏರಿ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಫಿನ್ಲೆಂಡಿನಲ್ಲಿ 240 ಜನರನ್ನು ಹತ್ತು ವರ್ಷ ನೋಡಿದ ಅಧ್ಯಯನದಲ್ಲಿ ಅನ್ನನಾಳದ ಉರಿಯೂತ ಕಂಡದ್ದು ಸ್ಲೀವ್ ಆದವರಲ್ಲಿ ಶೇ 31, ಬೈಪಾಸ್ ಆದವರಲ್ಲಿ ಶೇ 7. ಬೈಪಾಸ್ ಎದೆಯುರಿಗೆ ಸ್ವತಃ ಒಂದು ಚಿಕಿತ್ಸೆ. ಸ್ಲೀವ್ ಆಗಿ ಎದೆಯುರಿ ತಡೆಯಲಾರದೆ ಮತ್ತೆ ಆಪರೇಷನ್ ಮೇಜು ಹತ್ತಿ ಬೈಪಾಸ್ ಮಾಡಿಸಿಕೊಂಡವರಿದ್ದಾರೆ. ಆ ದಾರಿ ತೆರೆದಿರುತ್ತದೆ ಎಂಬುದು ಸ್ಲೀವ್‌ನ ಅನುಕೂಲ, ಎರಡೆರಡು ಬಾರಿ ಕೊಯ್ಯಿಸಿಕೊಳ್ಳುವುದು ಅದರ ಬೆಲೆ.

ಮೇಡಂ ತಿಂಗಳು ತಿಂಗಳು ಪ್ಯಾಂಟೊಪ್ರಜೋಲ್ ಕೊಂಡು ಹೋಗುತ್ತಾರೆಂದು ನನಗೆ ಗೊತ್ತು. ಸ್ಲೀವ್ ಹೇಳಿದ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಮಾಡಿಸಿದರೇ ಎಂದು ಕೇಳಿದೆ. "ಇಲ್ಲವಲ್ಲ, ಬೇಕಾಗಿತ್ತೇ?" ಬೇಕಾಗಿತ್ತು.

ಬೈಪಾಸ್‌ಗೆ ಕೊನೆಯವರೆಗೂ ಕಟ್ಟುವ ಬಾಡಿಗೆ

ಇಷ್ಟು ಓದಿ ಬೈಪಾಸೇ ಎಂದು ತೀರ್ಮಾನಿಸಿದವರು ಇದನ್ನೂ ಓದಿ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಹೀರಿಕೊಳ್ಳುವ ಏರ್ಪಾಡನ್ನೇ ಊಟ ಮುಟ್ಟದೆ ಹೋಗುವುದರಿಂದ, ಪೂರಕ ಮಾತ್ರೆಗಳು ಬದುಕಿರುವವರೆಗೂ ಬೇಕು. ಸ್ಲೀವ್‌ನಲ್ಲೂ ಬೇಕು, ಆದರೆ ತಪ್ಪಿದಾಗ ಬೈಪಾಸ್‌ನವರಿಗೆ ಬೀಳುವ ಪೆಟ್ಟು ಜೋರು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಲ್ಲಿ ಬಿ12 ಮೊದಲೇ ಕುಗ್ಗಿರುತ್ತದೆ, ಸಸ್ಯಾಹಾರಿಗಳಲ್ಲಿ ಇನ್ನೂ ಕುಗ್ಗಿರುತ್ತದೆ. ನಮ್ಮ ಊರಿನ ಮಧುಮೇಹಿಗಳಲ್ಲಿ ಈ ಎರಡೂ ಒಟ್ಟಿಗೇ ಇರುವವರು ಎಷ್ಟೋ. ಪಾದ ಜೋಮು ಹಿಡಿದರೆ ಸಕ್ಕರೆಯದು ಎಂದುಕೊಂಡು ಸುಮ್ಮನಿರುತ್ತಾರೆ, ಬಿ12 ಇಳಿದಿರುತ್ತದೆ.

ಕ್ಯಾಲ್ಸಿಯಂ ಮಾತ್ರೆ ಕೊಳ್ಳುವಾಗ ಪಟ್ಟಿಯ ಹಿಂದೆ ಓದಿ. ಅಗ್ಗವಾದ ಕಾರ್ಬೊನೇಟ್ ಕರಗಲು ಆಮ್ಲ ಬೇಕು. ಸಣ್ಣ ಚೀಲದಲ್ಲಿ ಆಮ್ಲ ಅಷ್ಟಿರುವುದಿಲ್ಲ. ಸಿಟ್ರೇಟ್ ಕೇಳಿ ಪಡೆಯಿರಿ. ಅದನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆಯಾದರೂ ಅಂತರವಿರಲಿ. ಕಬ್ಬಿಣದ ಮಾತ್ರೆಯ ಮೇಲೆ ಕಾಫಿ ಕುಡಿದರೆ ಮಾತ್ರೆಯ ದುಡ್ಡು ಕಾಫಿಗೆ ಹೋದಂತೆಯೇ.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಎನ್ನುತ್ತಾರೆ. ಒಂದು ಬಟ್ಟಲು ತೊವ್ವೆಯಲ್ಲಿ ಏಳೆಂಟು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು. ಮೂರು ಮುಚ್ಚಳದ ಚೀಲ ಇಟ್ಟುಕೊಂಡು ರೊಟ್ಟಿ, ಅನ್ನದಿಂದ ಶುರುಮಾಡಿದರೆ ತೊವ್ವೆಗೆ ಜಾಗ ಉಳಿಯುವುದಿಲ್ಲ. ತಟ್ಟೆಯಲ್ಲಿ ಮೊದಲು ಪನೀರು, ಕಾಳುಪಲ್ಯ, ಮೊಟ್ಟೆ. ಮುದ್ದೆಯೋ ರೊಟ್ಟಿಯೋ ಕೊನೆಗೆ ಒಂದು ತುತ್ತು.

ನೋವಿನ ಮಾತ್ರೆಯ ವಿಷಯದಲ್ಲಿ ನಾನು ಜಗಳಗಂಟ. ಬೈಪಾಸ್ ಆಗಿ ಎರಡು ವರ್ಷವಾದ ಕಟ್ಟಡ ಗುತ್ತಿಗೆದಾರರೊಬ್ಬರು ಮಂಡಿನೋವೆಂದು ಡೈಕ್ಲೊಫೆನಾಕ್ ಕೇಳಿಕೊಂಡು ಬಂದರು. ಕೊಡುವುದಿಲ್ಲ ಎಂದೆ. "ಎರಡೇ ಎರಡು ಕೊಡಿ, ನಾಳೆ ಸ್ಲ್ಯಾಬ್ ಹಾಕುವುದಿದೆ" ಎಂದರು. ಕೊಡಲಿಲ್ಲ. ಜಠರವನ್ನೂ ಕರುಳನ್ನೂ ಹೊಲಿದ ಜಾಗದಲ್ಲಿ ಹುಣ್ಣಾಗುವುದಕ್ಕೆ ಇಂಥ ಮಾತ್ರೆಗಳೂ ಸಿಗರೇಟೂ ದೊಡ್ಡ ಕಾರಣ, ಆ ಹುಣ್ಣು ತೂತು ಬಿದ್ದರೆ ಮಧ್ಯರಾತ್ರಿ ಆಂಬುಲೆನ್ಸ್. ಪ್ಯಾರಸಿಟಮಾಲ್ ಕೊಟ್ಟು ಕಳುಹಿಸಿದೆ; ಮುಖ ಗಂಟಿಕ್ಕಿಕೊಂಡು ಹೋದರು, ಮುಂದಿನ ತಿಂಗಳು ಬಂದರು. ಸಂಧಿವಾತದಂಥ ಕಾಯಿಲೆಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಡಲಾಗದವರು ಸರ್ಜನ್ ಮುಂದೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಅವರಿಗೆ ಸ್ಲೀವ್ ವಾಸಿ.

ಇನ್ನೊಂದು, ಹಬ್ಬದ ಊಟ. ಬೈಪಾಸ್ ಆದವರು ಹೋಳಿಗೆ ಮೇಲೆ ಪಾಯಸ ಸುರಿದುಕೊಂಡರೆ ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಹೊಟ್ಟೆ ತೊಳಸು. ಇದನ್ನು ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಸಕ್ಕರೆ ದಿಢೀರನೆ ಕುಸಿಯುವುದೂ ಉಂಟು. ಸಾಮಾನ್ಯವಾಗಿ ಆಪರೇಷನ್ ಆಗಿ ವರ್ಷ ದಾಟಿದ ಮೇಲೆ. ಸಕ್ಕರೆ ಹೆಚ್ಚೆಂದು ಆಪರೇಷನ್ ಮಾಡಿಸಿಕೊಂಡವರು ಸಕ್ಕರೆ ಕಡಿಮೆಯಾಗಿ ತಲೆ ಸುತ್ತಿ ಕೂರುವುದು ವಿಚಿತ್ರವೆನಿಸಿದರೂ ನಿಜ. ಮದ್ಯವೂ ಬೇಗ ತಲೆಗೇರುತ್ತದೆ, ಬೇಗ ಇಳಿಯುವುದಿಲ್ಲ.

ಇಷ್ಟಾದರೂ ಅಪಾಯದ ಲೆಕ್ಕ ಜನ ಭಾವಿಸುವಷ್ಟು ದೊಡ್ಡದಲ್ಲ. ಅಮೆರಿಕದಲ್ಲಿ ಬೈಪಾಸ್ ಆದ ಹದಿನಾರು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ದಾಖಲೆ ನೋಡಿದಾಗ, 30 ದಿನಗಳೊಳಗಿನ ಸಾವು ಸಾವಿರಕ್ಕೆ ಮೂರು. ಮಂಡಿ ಬದಲಾಯಿಸುವ ಆಪರೇಷನ್‌ನಷ್ಟೇ. ಮಂಡಿಗೆ ಯಾರೂ ಇಷ್ಟು ಹೆದರುವುದಿಲ್ಲ.

ಮಿನಿ ಬೈಪಾಸ್, ಮತ್ತಿತರರು

ಮಿನಿ ಬೈಪಾಸ್ ಎಂದರೆ ಎರಡು ಕಡೆ ಹೊಲಿದು ಜೋಡಿಸುವ ಬದಲು ಒಂದೇ ಕಡೆ, ಉದ್ದನೆಯ ಚೀಲ. 1997ರಲ್ಲಿ ಅಮೆರಿಕದ ರಾಬರ್ಟ್ ರಟ್ಲೆಜ್ ಶುರುಮಾಡಿದ ಇದು ಭಾರತದಲ್ಲಿ ಚೆನ್ನಾಗಿ ಬೇರೂರಿದೆ. ಆಪರೇಷನ್ ಬೇಗ ಮುಗಿಯುತ್ತದೆ, ಸಕ್ಕರೆಯ ಮೇಲೆ ಪರಿಣಾಮ ಬೈಪಾಸ್‌ಗೆ ಕಡಿಮೆಯೇನಲ್ಲ. ಫ್ರಾನ್ಸಿನಲ್ಲಿ 253 ಜನರ ಮೇಲೆ ಎರಡನ್ನೂ ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೂಕ ಇಳಿಕೆ ಸರಿಸಮ ಬಂತು, ಭೇದಿ ಮತ್ತು ಪೋಷಕಾಂಶದ ಕೊರತೆ ಮಿನಿಯಲ್ಲಿ ಹೆಚ್ಚಿತ್ತು. ಅಲ್ಲಿ ಊಟ 200 ಸೆಂ.ಮೀ. ಕರುಳನ್ನು ಮುಟ್ಟದೆ ಹೋಗುವಂತೆ ಮಾಡಿದ್ದರು. ಹೀಗಾಗಿ "ಮಿನಿ" ಎಂಬ ಹೆಸರು ಕೇಳಿ ಸಣ್ಣದೆಂದು ಮೋಸಹೋಗಬೇಡಿ, ಎಷ್ಟು ಸೆಂಟಿಮೀಟರ್ ಎಂದು ಕೇಳಿ. ಪಿತ್ತರಸ ಮೇಲೆ ಬರುವ ತೊಂದರೆಯೂ ಇದರ ಬೆನ್ನಿಗಿದೆ. ಮೇಡಂ ಥರ ಎದೆಯುರಿ ಇರುವವರಿಗೆ ನಾನಾದರೆ ಹಳೆಯ ಬೈಪಾಸನ್ನೇ ಸೂಚಿಸುತ್ತೇನೆ.

ಡ್ಯುಯೊಡಿನಲ್ ಸ್ವಿಚ್ ಈ ಎಲ್ಲವುಗಳ ಹಿರಿಯಣ್ಣ: ಸ್ಲೀವ್ ಮಾಡಿ, ಊಟ ಕರುಳಿನ ಬಹುಭಾಗವನ್ನೂ ಮುಟ್ಟದೆ ಹೋಗುವಂತೆ ಜೋಡಿಸುವುದು. ಸಕ್ಕರೆಯನ್ನು ಇದರಷ್ಟು ಬಲವಾಗಿ ಮಣಿಸುವ ಆಪರೇಷನ್ ಇನ್ನೊಂದಿಲ್ಲ. ರೋಮ್‌ನಲ್ಲಿ 60 ಮಧುಮೇಹಿಗಳನ್ನು ಹತ್ತು ವರ್ಷ ನೋಡಿದಾಗ, ಇದರ ಹಳೆಯ ರೂಪ ಮಾಡಿಸಿಕೊಂಡವರಲ್ಲಿ ಅರ್ಧ ಮಂದಿ, ಬೈಪಾಸ್‌ನವರಲ್ಲಿ ಕಾಲು ಭಾಗ, ಔಷಧದವರಲ್ಲಿ ಶೇ 5.5 ಮಂದಿ ಉಪಶಮನದಲ್ಲಿದ್ದರು. ಜೊತೆಗೆ ಬರುವುದು ದಿನಕ್ಕೆ ಹಲವು ಬಾರಿ ಜಿಡ್ಡಿನ ಭೇದಿ, ಪ್ರೋಟೀನ್ ಕೊರತೆ, ಎ ಮತ್ತು ಡಿ ಜೀವಸತ್ವಗಳ ಕೊರತೆ. ತಿಂಗಳ ಮಾತ್ರೆಯನ್ನೇ ಮರೆಯುವವರಿಗೆ, ಮೊಟ್ಟೆಯನ್ನೂ ಮುಟ್ಟದವರಿಗೆ ಬೇಡ.

ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ಕಾಲ ಮುಗಿಯಿತು. ಜಠರದೊಳಗೆ ಊದಿಸಿಡುವ ಬಲೂನು ಕೆಲವು ತಿಂಗಳ ಅತಿಥಿ, ಈ ಸಾಲಿನಲ್ಲಿ ಕೂರಿಸುವಂಥದ್ದಲ್ಲ.

ಸ್ಲೀವ್ ಕಡೆಗೆ ತಕ್ಕಡಿ ವಾಲಿಸುವ ಕಾರಣಗಳು ಇನ್ನೂ ಇವೆ. ಮೂರ್ಛೆರೋಗ, ಮಾನಸಿಕ ಕಾಯಿಲೆ, ಅಂಗಾಂಗ ಕಸಿ ಇವುಗಳಿಗೆ ಪ್ರಮಾಣ ಕದಲದಂತೆ ಔಷಧ ತೆಗೆದುಕೊಳ್ಳುವವರಿಗೆ ಹೀರಿಕೆಯಲ್ಲಿ ಏರುಪೇರಾಗುವ ಬೈಪಾಸ್ ಕಷ್ಟ. ಮೂತ್ರಪಿಂಡದ ಕಲ್ಲು ಪದೇ ಪದೇ ಆಗುವವರಿಗೆ ಬೈಪಾಸ್ ಆಕ್ಸಲೇಟ್ ಕಲ್ಲನ್ನು ಹೆಚ್ಚಿಸುತ್ತದೆ. ಮನೆತನದಲ್ಲಿ ಜಠರದ ಕ್ಯಾನ್ಸರ್ ಇದ್ದರೆ, ಬೈಪಾಸ್ ನಂತರ ಒಳಗುಳಿದ ಜಠರವನ್ನು ಮಾಮೂಲಿ ಎಂಡೋಸ್ಕೋಪಿಯಲ್ಲಿ ನೋಡಲಾಗುವುದಿಲ್ಲ ಎಂಬುದು ನೆನಪಿರಲಿ.

ಆಪರೇಷನ್ ಹಿಂದುಮುಂದಿನ ಹದಿನೈದು ದಿನ

ಯಾವುದನ್ನೇ ಆರಿಸಿದರೂ ಸಕ್ಕರೆ ಮಾತ್ರೆಗಳಲ್ಲಿ ಎಡವಟ್ಟಾಗುವುದು ಈ ದಿನಗಳಲ್ಲಿ. ಯಕೃತ್ತು ಕುಗ್ಗಲೆಂದು ಮುಂಚೆ ಎರಡು ವಾರ ದ್ರವಾಹಾರ ಹೇಳುತ್ತಾರೆ. ಊಟ ನಿಲ್ಲಿಸಿ ಇನ್ಸುಲಿನ್, ಗ್ಲಿಮೆಪಿರೈಡ್ ಹಳೆಯ ಪ್ರಮಾಣದಲ್ಲೇ ಮುಂದುವರಿಸಿದರೆ ಸಕ್ಕರೆ ಕುಸಿಯದೆ ಇನ್ನೇನಾದೀತು? ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಮಾತ್ರೆಗಳನ್ನು ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ರಕ್ತ ಆಮ್ಲೀಯವಾಗುವ ಅಪಾಯ, ಅದೂ ಸಕ್ಕರೆ ಹೆಚ್ಚು ತೋರದೆಯೇ. ತೂಕ, ಸಕ್ಕರೆ ಇಳಿಸುವ ವಾರಕ್ಕೊಮ್ಮೆಯ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ತಿಳಿಸಿ. ಕಣ್ಣಿನ ಪರದೆ ಪರೀಕ್ಷೆ ಮೊದಲೇ ಆಗಿರಲಿ, ಸಕ್ಕರೆ ವೇಗವಾಗಿ ಇಳಿದಾಗ ಮೊದಲೇ ಹಾಳಾಗಿದ್ದ ಪರದೆ ಇನ್ನಷ್ಟು ಕೆಡುವುದುಂಟು.

ಮನೆಗೆ ಬಂದ ಮೇಲೆ ಹಳೆಯ ಚೀಟಿಯನ್ನು ಹರಿದುಹಾಕಿ. ಬೈಪಾಸ್ ಆಗಿ ಹತ್ತನೆಯ ದಿನ ಗಂಡನಿಗಾಗಿ ಹಳೆಯ ಚೀಟಿ ಹಿಡಿದು ಗ್ಲಿಮೆಪಿರೈಡ್ ಕೊಳ್ಳಲು ಬಂದ ಅಕ್ಕನೊಬ್ಬರನ್ನು ನಿಲ್ಲಿಸಿ, ಆಸ್ಪತ್ರೆಗೆ ಫೋನ್ ಮಾಡಿಸಿದ್ದೇನೆ. ಆ ಮಾತ್ರೆ ನಿಲ್ಲಿಸಿ ಒಂದು ವಾರವಾಗಿತ್ತು, ಅವರಿಗೆ ಹೇಳಿದವರಿಲ್ಲ. ನಿಧಾನವಾಗಿ ಕರಗುವ ಮಾತ್ರೆಗಳು ಬೈಪಾಸ್ ನಂತರ ಸರಿಯಾಗಿ ಹಿಡಿಯದೆ ಹೋಗಬಹುದು, ಅದನ್ನೂ ಕೇಳಿ. ಹೆಣ್ಣುಮಕ್ಕಳಾದರೆ ಒಂದರಿಂದ ಒಂದೂವರೆ ವರ್ಷ ಬಸಿರು ಮುಂದೂಡಬೇಕು.

ವಿಮೆಯ ಗೆರೆ, ಫ್ರಿಜ್ಜಿನ ಇಂಜೆಕ್ಷನ್

ಜಾಗತಿಕ ಸರ್ಜನ್ ಸಂಘಗಳು 2022ರಲ್ಲಿ ಏಷ್ಯಾದವರಿಗೆ ಬಿಎಂಐ 27.5 ದಾಟಿದರೆ ಈ ಆಪರೇಷನ್ ಸೂಚಿಸಬಹುದು ಎಂದವು. ನಮ್ಮ ಹೊಟ್ಟೆಯ ಕೊಬ್ಬು ಕಡಿಮೆ ತೂಕದಲ್ಲೇ ಕಾಯಿಲೆ ತರುತ್ತದೆ ಎಂಬುದು ಕಾರಣ. ವಿಮೆಯ ಲೆಕ್ಕ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಗದಿಪಡಿಸಿದ ಒಕ್ಕಣೆಯಂತೆ ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆ ಹತೋಟಿಗೆ ಬಾರದ ಟೈಪ್ 2 ಮಧುಮೇಹದಂಥ ಗಂಭೀರ ಕಾಯಿಲೆ ಇರಬೇಕು. 160 ಸೆಂ.ಮೀ. ಎತ್ತರದವರಿಗೆ ವೈದ್ಯರ ಗೆರೆ 70 ಕೆ.ಜಿ., ವಿಮೆಯ ಗೆರೆ ಸುಮಾರು 90 ಕೆ.ಜಿ. ನಡುವಿನ ಇಪ್ಪತ್ತು ಕೆ.ಜಿ. ಸ್ವಂತ ಜೇಬು. ಜೊತೆಗೆ, ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಮೇಡಂ ಲೆಕ್ಕ ಹಾಕಿ, "ನನಗೆ ಒಂದೂವರೆ ಕೆ.ಜಿ. ಕಡಿಮೆ ಬಿತ್ತು. ಬೆಣ್ಣೆ ದೋಸೆ ತಿಂದು ಹೆಚ್ಚಿಸಿಕೊಳ್ಳಲೇ?" ಎಂದರು. ನಗುತ್ತಲೇ ಕೇಳಿದರು, ಆದರೆ ಪೂರ್ತಿ ತಮಾಷೆಯಂತೆ ಕಾಣಲಿಲ್ಲ.

"ಹಾಗಾದರೆ ತೂಕ ಇಳಿಸುವ ಆ ಇಂಜೆಕ್ಷನ್?" ಎಂದರು ಆಮೇಲೆ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ವಾರದ ಒಂದು ಸೀಸೆಗೆ 2.5 ಮಿ.ಗ್ರಾಂ ಆದರೆ 3,500 ರೂಪಾಯಿ, 5 ಮಿ.ಗ್ರಾಂ ಆದರೆ 4,375 ರೂಪಾಯಿ ಇತ್ತು. ನಮ್ಮ ಫ್ರಿಜ್ಜಿನಲ್ಲೂ ಇದೆ. ತೂಕ, ಸಕ್ಕರೆ ಎರಡನ್ನೂ ಚೆನ್ನಾಗಿ ಇಳಿಸುತ್ತದೆ. ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ಆಪರೇಷನ್‌ಗೆ ಮನಸ್ಸಿಲ್ಲದವರು, ಬಿಎಂಐ ಮೂವತ್ತರ ಆಸುಪಾಸಿನವರು ಇದನ್ನು ಮೊದಲು ನೋಡುವುದರಲ್ಲಿ ತಪ್ಪಿಲ್ಲ. ಹಾಗೆ ನೋಡುತ್ತಾ ಸಕ್ಕರೆ ಹತೋಟಿಗೆ ಬಾರದೆ ಐದು ವರ್ಷ ಕಳೆದು, ನಡುವಿನ ಸಾಲಿನಿಂದ ಕೊನೆಯ ಸಾಲಿಗೆ ಜಾರುವುದು ಮಾತ್ರ ನಷ್ಟದ ವ್ಯಾಪಾರ.

ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾದ ಹೊತ್ತು. ಸರ್ಜನ್‌ಗೆ ಇನ್ನೇನು ಕೇಳಲಿ ಎಂದರು. ಒಂದೇ ಪ್ರಶ್ನೆ ಸಾಕು ಎಂದೆ: ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಸ್ಲೀವ್, ಎಷ್ಟು ಬೈಪಾಸ್ ಆಗುತ್ತದೆ? ಎರಡನ್ನೂ ಧಾರಾಳವಾಗಿ ಮಾಡುವವರ ಬಾಯಲ್ಲಿ ಬಂದ ಸಲಹೆಗೆ ಬೆಲೆ ಹೆಚ್ಚು.

ಮೇಡಂ ಅಲ್ಲೇ ನಿಂತು ಮೊದಲ ಕರಪತ್ರದ ನಂಬರಿಗೆ ಫೋನ್ ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸಿತು: "ನಮ್ಮಲ್ಲಿ ಎಲ್ಲರಿಗೂ ಸ್ಲೀವೇ ಮೇಡಂ, ಮೂರೇ ದಿನಕ್ಕೆ ಮನೆ." ಅವರು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು, ಆ ಕರಪತ್ರವನ್ನು ನಾಲ್ಕಾಗಿ ಮಡಚಿ ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿದರು. ಇನ್ನೊಂದನ್ನು ಬಿಲ್ಲಿನ ಜೊತೆ ಸೇರಿಸಿ ಬ್ಯಾಗಿನಲ್ಲಿಟ್ಟುಕೊಂಡು, "ಎಂಡೋಸ್ಕೋಪಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಲ್ಲವೇ?" ಎಂದು ಕೇಳಿದರು.